ಗೈರೋಕಾಪ್ಟರ್: ಪಿಚ್ ಏರಿಸಿದರೆ ಬಲ ಏರುತ್ತದೆಯೇ?

ಪ್ರಶ್ನೆ: ಗೈರೋಕಾಪ್ಟರ್ ಹಾರುವಾಗ ತಲೆಯ ಮೇಲಿನ ರೋಟರನ್ನು ಎಂಜಿನ್ ತಿರುಗಿಸುವುದೇ ಇಲ್ಲವಂತೆ. ಹಾಗಾದರೆ ಅದು ತಿರುಗುವುದು ಹೇಗೆ? ಬ್ಲೇಡುಗಳನ್ನು ಇನ್ನಷ್ಟು ಓರೆ ಮಾಡಿ ಕೂರಿಸಿದರೆ ಹೆಚ್ಚು ಭಾರ ಎತ್ತಬಹುದಲ್ಲವೇ?

ಉತ್ತರ: ನೀವು ಕೇಳಿದ್ದು ನಿಜ. ಎಂಜಿನ್ನಿನ ಕೆಲಸ ಪ್ರೊಪೆಲರ್ ತಿರುಗಿಸಿ ಯಂತ್ರವನ್ನು ಮುಂದಕ್ಕೆ ನೂಕುವುದು, ಅಷ್ಟೆ. ರೋಟರ್ ತುಸು ಹಿಂದಕ್ಕೆ ವಾಲಿರುತ್ತದೆ. ಎದುರಿನ ಗಾಳಿ ಅದರ ಅಡಿಯಿಂದ ನುಗ್ಗಿ ಮೇಲಕ್ಕೆ ಹಾಯುತ್ತ ಅದನ್ನು ತಿರುಗಿಸುತ್ತದೆ. ಹೆಲಿಕಾಪ್ಟರಿನಲ್ಲಿ ಇದು ತಿರುವುಮುರುವು. ಅಲ್ಲಿ ರೋಟರ್ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ತಳ್ಳುತ್ತದೆ. ಮಹಾಗನಿ ಕಾಯಿ ಬಿರಿದಾಗ ಅದರ ರೆಕ್ಕೆಬೀಜ ಗಿರಗಿರನೆ ಸುತ್ತುತ್ತ ನಿಧಾನವಾಗಿ ಇಳಿಯುವುದನ್ನು ನೋಡಿರಬಹುದು. ಅದೂ ಆಟೊರೊಟೇಶನ್ನೇ, ಅಂದರೆ ಗಾಳಿಯ ಬಲದಿಂದಲೇ ತಾನಾಗಿ ಸುತ್ತುವುದು.

ಬ್ಲೇಡಿನ ಎತ್ತುಬಲ ಯಾವಾಗಲೂ ಅದಕ್ಕೆ ಬಡಿಯುವ ಗಾಳಿಗೆ ಲಂಬವಾಗಿರುತ್ತದೆ. ಗಾಳಿ ಕೆಳಗಿನಿಂದ ಓರೆಯಾಗಿ ಬಂದರೆ ಈ ಬಲವೂ ಕೊಂಚ ಮುಂದಕ್ಕೆ, ಅಂದರೆ ಬ್ಲೇಡ್ ಸುತ್ತುವ ದಿಕ್ಕಿಗೇ ವಾಲುತ್ತದೆ. ಆ ವಾಲಿದ ಪಾಲು ಗಾಳಿಯ ತಡೆಯನ್ನು ಮೀರಿಸಿದರೆ ಬ್ಲೇಡ್ ತಾನಾಗಿ ಓಡುತ್ತದೆ. ಆದರೆ ಇಡೀ ಬ್ಲೇಡಿನಲ್ಲಿ ಹೀಗಾಗುವುದಿಲ್ಲ. ಬುಡದ ಭಾಗ ನಿಧಾನ ಚಲಿಸುವುದರಿಂದ ಗಾಳಿ ತೀರ ಕಡಿದಾಗಿ ಬಡಿದು ಅಲ್ಲಿ ಸ್ಟಾಲ್ ಆಗಿರುತ್ತದೆ, ಅಂದರೆ ಎತ್ತುಬಲ ಕುಸಿದಿರುತ್ತದೆ. ತುದಿ ಎತ್ತುಬಲ ಕೊಟ್ಟರೂ ತಿರುಗುವಿಕೆಗೆ ತಡೆಯೇ. ದುಡಿದು ಎರಡನ್ನೂ ಎಳೆದೊಯ್ಯುವುದು ನಡುವಿನ ಭಾಗ.

ಪಿಚ್ಚಿನ, ಅಂದರೆ ಬ್ಲೇಡನ್ನು ಕೂರಿಸಿದ ಓರೆಕೋನದ, ಗುಟ್ಟು ಇರುವುದು ಇಲ್ಲೇ. ಹೆಚ್ಚಿನ ಗೈರೋಕಾಪ್ಟರುಗಳಲ್ಲಿ ಅದನ್ನು 2–3 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿ ಕೂರಿಸಿರುತ್ತಾರೆ. ಹೆಚ್ಚಿಸಿದರೆ ರೋಟರಿನ ವೇಗ ಇಳಿಯುತ್ತದೆ. ವೇಗ ಇಳಿದಂತೆ ಗಾಳಿ ಇನ್ನೂ ಕಡಿದಾಗಿ ಬಡಿಯುತ್ತದೆ, ಬುಡದ ಸ್ಟಾಲ್ ನಡುಭಾಗಕ್ಕೂ ಹಬ್ಬುತ್ತದೆ, ದುಡಿಯುವ ಭಾಗ ಕುಗ್ಗುತ್ತದೆ. ಮಿತಿ ದಾಟಿದರೆ ರೋಟರ್ ಚೇತರಿಸಿಕೊಳ್ಳದು. ಹೀಗಾಗಿ ಭಾರ ಎತ್ತಲು ಕೋನ ಹೆಚ್ಚಿಸಬೇಕಿಲ್ಲ. ಭಾರ ಹೆಚ್ಚಾದಾಗ ರೋಟರ್ ತಾನೇ ಇನ್ನಷ್ಟು ಜೋರಾಗಿ ತಿರುಗಿ ಸರಿದೂಗಿಸುತ್ತದೆ.

ಹೆಲಿಕಾಪ್ಟರಿನ ಎಂಜಿನ್ ಕೈಕೊಟ್ಟಾಗ ಪೈಲಟ್ ತಟ್ಟನೆ ಕಲೆಕ್ಟಿವ್ ಲಿವರ್ ಇಳಿಸಿ ಬ್ಲೇಡುಗಳ ಪಿಚ್ ತಗ್ಗಿಸುವುದೂ ಇದಕ್ಕೇ. ಸಣ್ಣ ಹೆಲಿಕಾಪ್ಟರಿನಲ್ಲಿ ಅದಕ್ಕೆ ಸಿಗುವುದು ಒಂದೆರಡು ಸೆಕೆಂಡು. ಗೈರೋಕಾಪ್ಟರಿಗೆ ಆ ಧಾವಂತವಿಲ್ಲ, ಅದು ಹಾರುವುದೇ ಆ ಸ್ಥಿತಿಯಲ್ಲಿ.

ಆಟೊರೊಟೇಶನ್ನಿನಲ್ಲೇ ಹಾರುವುದನ್ನು ಮೊದಲು ಸಾಧಿಸಿದವರು ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ. 1919ರಲ್ಲಿ ತಾವು ರೂಪಿಸಿದ ವಿಮಾನವೊಂದು ಸ್ಟಾಲ್ ಆಗಿ ಬಿದ್ದ ಮೇಲೆ, ವೇಗ ತಗ್ಗಿದರೂ ಬೀಳದ ಯಂತ್ರದ ಬೆನ್ನು ಹತ್ತಿದರು. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿ ಅವರ ಸಿ.4 ಹಾರಿತು. ಮುಂದೆ ನೆಲದ ಮೇಲೆಯೇ ಪಿಚ್ ಸೊನ್ನೆಯಾಗಿಟ್ಟು ಎಂಜಿನ್ನಿನಿಂದ ರೋಟರನ್ನು ಜೋರಾಗಿ ತಿರುಗಿಸಿ, ಸಂಪರ್ಕ ಕಳಚಿ, ಒಮ್ಮೆಲೆ ಪಿಚ್ ಏರಿಸಿ ನೆಗೆಯುವ ಮಾದರಿಗಳೂ ಬಂದವು. ಆದರೆ ಆ ನೆಗೆತ ಕ್ಷಣಿಕ, ಕೂಡಿಟ್ಟ ವೇಗದ ಖರ್ಚು. ವಿಧಿಯ ಅಣಕ ನೋಡಿ, ಸಿಯೆರ್ವಾ ಸತ್ತದ್ದು 1936ರಲ್ಲಿ, ಲಂಡನ್ನಿನ ಕ್ರಾಯ್ಡನ್‌ನಲ್ಲಿ ಪ್ರಯಾಣಿಕರ ಮಾಮೂಲಿ ವಿಮಾನ ಬಿದ್ದು.

ಗೈರೋಕಾಪ್ಟರ್ ಸ್ಟಾಲ್ ಆಗಿ ಬೀಳದು ಎಂದ ಮಾತ್ರಕ್ಕೆ ಅದು ಅಪಾಯವಿಲ್ಲದ ಯಂತ್ರವಲ್ಲ. ಪೈಲಟ್ ನಿಯಂತ್ರಣದ ಕೋಲನ್ನು ರಭಸದಿಂದ ಮುಂದೆ ತಳ್ಳಿ ರೋಟರಿನ ಮೇಲಿನ ಭಾರ ಕಳೆದರೆ ಅಡಿಯಿಂದ ಬರುವ ಗಾಳಿ ನಿಂತು ವೇಗ ಸೋರಿಹೋಗುತ್ತದೆ. ಸ್ಥಿರ ಪಿಚ್ಚಿನ ಯಂತ್ರದಲ್ಲಿ ಆಗ ತಗ್ಗಿಸಲು ಲಿವರ್ ಕೂಡ ಇರುವುದಿಲ್ಲ. ನೀವೇನಾದರೂ ಯಂತ್ರ ಕಟ್ಟುವ ಯೋಚನೆಯಲ್ಲಿದ್ದರೆ, ತಯಾರಕರು ಕೂರಿಸಿಕೊಟ್ಟ ಕೋನವನ್ನು ದಯವಿಟ್ಟು ಮುಟ್ಟಬೇಡಿ.