ಲಕ್ಕಮ್ಮನವರ ಪ್ರಶ್ನೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ನೆರೆಮನೆಗೆ ಹೋಗಿ ದೂರಲಿಲ್ಲ. ಪತಿಯನ್ನೇ ಕೇಳಿದರು, ಹೆಚ್ಚಿನದನ್ನು ಹಿಂದಿರುಗಿಸಿ ಬರಹೇಳಿದರು. ಇದು ಅಪನಂಬಿಕೆಯೆ? ಅಲ್ಲ. ಅಪನಂಬಿಕೆಯು ಎದುರಿಗೆ ಪ್ರಶ್ನಿಸುವುದಿಲ್ಲ. ಬೆನ್ನ ಹಿಂದೆ ತೀರ್ಪು ಕೊಡುವುದು.

ಗ್ರಾಮ ಪಂಚಾಯತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಎಡೆಯಿಲ್ಲವೆಂಬುದು ನಮ್ಮ ರಾಜ್ಯದ ನಿಯಮ. ಆದರೂ 2020ರ ಡಿಸೆಂಬರಿನ ಚುನಾವಣೆಯ ತರುವಾಯ ನಮ್ಮೂರಿನ ಎರಡು ಚಹದಂಗಡಿಗಳೇ ಎರಡು ಪಕ್ಷಗಳಾದವು. ಅಲ್ಲಿ ಕುಳಿತವನು ಇಲ್ಲಿ ಕುಳ್ಳಿರನು. ಮದುವೆಯ ಓಲೆ ಹಂಚುವಾಗಲೂ ಮತದ ಲೆಕ್ಕ ನಡೆಯಿತೆಂದರೆ ಹೆಚ್ಚೇನು ಹೇಳಲಿ!

ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದೆಂದು ಪಂಚಾಯತ್ ರಾಜ್ ಕಾಯಿದೆ ವಿಧಿಸಿದೆ. ಸಭೆಯೇನೋ ಕೂಡುವುದು, ಜನರು ಕೂಡರು. “ಎಲ್ಲರೂ ತಿನ್ನುವವರೇ” ಎಂದು ಜಗುಲಿಯ ಮೇಲೆ ನುಡಿದವರು ಲೆಕ್ಕ ಓದುವ ದಿನ ಹೊಲಕ್ಕೆ ಹೋಗಿರುತ್ತಾರೆ.

ಒಮ್ಮೆ ನಾನು ಹೋಗಿದ್ದೆನು. ಕೆಳಗೇರಿಯ ತಾಯಿಯೊಬ್ಬಳು ಎದ್ದು ನಿಂತು, ಕುಡಿಯುವ ನೀರಿನ ಕೊಳವೆ ಒಡೆದು ಚರಂಡಿಯ ನೀರು ಸೇರುತ್ತಿದೆ ಎಂದಳು. ಮಾತು ನಿಜ, ನಾನೇ ಕಂಡಿದ್ದೆನು. ಆದರೆ “ಆಕೆ ಆ ಕಡೆಯವಳು” ಎಂಬ ಪಿಸುಮಾತು ಹಬ್ಬಿತು. ನಾನೂ ಬಾಯಿ ತೆರೆಯಲಿಲ್ಲ. ಮರುದಿನ ತರಗತಿಯಲ್ಲಿ ಲಕ್ಕಮ್ಮನವರ ಪಾಠ. ಆ ತಾಯಿಯ ಮಗನು ಮುಂದಿನ ಸಾಲಿನಲ್ಲಿ ಕುಳಿತು ನಾನು ಹೇಳಿದುದನ್ನೆಲ್ಲ ಬರೆದುಕೊಳ್ಳುತ್ತಿದ್ದನು. ನನಗೆ ಪಾಠ ಮುಂದುವರಿಸುವುದು ಕಷ್ಟವಾಯಿತು.

ಮುಂದಿನ ಸಭೆಯಲ್ಲಿ ಆ ಕೊಳವೆಯ ಮಾತನ್ನು ನಾನೇ ಎತ್ತಿದೆನು. ಆಮೇಲೆ ಒಂದು ಅಂಗಡಿಯಲ್ಲಿ ನನಗೆ ಚಹ ಬರುವುದು ತುಸು ತಡವಾಗತೊಡಗಿತು.