ಸಿಇಟಿ ಬರೆಯಲಿರುವ ತಂಗಿಗೆ

ತುಕ್ಕಾನಟ್ಟಿ



ನಿಮ್ಮ ಮನೆಯಲ್ಲಿ ಈಗಲೇ ಕಂಪ್ಯೂಟರ್ ಸೈನ್ಸ್ ಜಪ ಶುರುವಾಗಿದೆಯಂತೆ. ಬೇಡ ಅನ್ನಲಾರೆ. ಆದರೆ ಆ ಸೀಟುಗಳು ಹೇಗೆ ಹುಟ್ಟುತ್ತವೆ ಗೊತ್ತಿರಲಿ. ಮೊದಲು ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಎಂಬ ಮಿತಿ ಇತ್ತು. 2024-25ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಅದನ್ನು ತೆಗೆದುಹಾಕಿತು. ಕಾಲೇಜಿನವರು ಸಂತೆ ವ್ಯಾಪಾರಿಗಳ ಹಾಗೆ, ಈ ವಾರ ಯಾವುದಕ್ಕೆ ಗಿರಾಕಿ ಹೆಚ್ಚೋ ಅದನ್ನೇ ರಾಶಿ ಹಾಕುತ್ತಾರೆ. ಸಿವಿಲ್, ಮೆಕ್ಯಾನಿಕಲ್ ಖಾಲಿ ಉಳಿದರೆ ಅಲ್ಲಿ ಕಡಿಮೆ ಮಾಡಿ ಇಲ್ಲಿ ಹೆಚ್ಚಿಸುತ್ತಾರೆ. ಅವರು ಲೆಕ್ಕ ಹಾಕುವುದು ಈ ವರ್ಷದ ತಂದೆ-ತಾಯಿಗಳ ಆಸೆಯನ್ನು. ನಾಲ್ಕು ವರ್ಷದ ಮೇಲೆ ನಿನಗೆ ಕೆಲಸ ಕೊಡಬೇಕಾದವರನ್ನು ಯಾರೂ ಕೇಳಿಲ್ಲ. ಸೀಟುಗಳು ಒಂದು ಆದೇಶಕ್ಕೆ ಹೆಚ್ಚುತ್ತವೆ, ಕಲಿಸುವವರು ಹಾಗೆ ಸಿಗುವುದಿಲ್ಲ. ಕಾಲೇಜು ನೋಡಲು ಹೋದಾಗ ಕಟ್ಟಡ ಬಿಟ್ಟು ಕಲಿಸುವವರು ಎಷ್ಟು ಜನ ಎಂದು ಕೇಳು.

ಖಾಲಿ ಉಳಿಯುವ ಆ ಬ್ರ್ಯಾಂಚುಗಳಿಗೂ ಇಲ್ಲೇ ಕೆಲಸವಿದೆ. ನಮ್ಮ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಬಾಯ್ಲರ್, ಟರ್ಬೈನ್ ನಡೆಸುವವರು ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರು. ಘಟಪ್ರಭೆ ಕಾಲುವೆಗಳಿಗೆ ಸಿವಿಲ್‌ನವರು ಬೇಕೇ ಬೇಕು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬೆಳಗಾವಿಯಲ್ಲೇ ಇದೆ, ಹುಕ್ಕೇರಿ ಕಡೆ ನಿಡಸೋಸಿಯಲ್ಲೂ ಎಂಜಿನಿಯರಿಂಗ್ ಕಾಲೇಜು ಇದೆ.

ತೋಟಗಾರಿಕೆ ಓದು ಎಂಬ ಇನ್ನೊಂದು ದಾರಿಯನ್ನು ನಮ್ಮವರು ಏಕೋ ಎರಡನೇ ದರ್ಜೆಯದೆಂದು ತಿಳಿದಿದ್ದಾರೆ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ನಾಲ್ಕು ವರ್ಷದ ಬಿ.ಎಸ್‌ಸಿ. ಇದೆ, ರೈತರ ಮಕ್ಕಳಿಗೆ ಕೃಷಿಕರ ಕೋಟಾ ಉಂಟು. ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ: ಬೀಜ, ಗೊಬ್ಬರ, ಕಳೆ, ಉಪಕರಣ ಮುಂದಿಟ್ಟು ಇದೇನು ಅನ್ನುತ್ತಾರೆ. ಅರಿಷಿಣ, ಗೋವಿನಜೋಳದ ನಡುವೆ ಬೆಳೆದ ನೀನು ಹೆದರಬೇಕಿಲ್ಲ. ಆದರೂ ಕಳೆಯ ಹೆಸರು ಅವ್ವನನ್ನು ಕೇಳಿ ಕಲಿ, ಅಪ್ಪನಿಗೆ ಅರ್ಧ ಮರೆತಿರುತ್ತದೆ. ನಮ್ಮೂರ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಮ್ಮೆ ಹೋಗಿ ಬಾ. ಅಲ್ಲಿ ಮಣ್ಣು, ರೋಗ, ಬೀಜ ನೋಡುವವರೂ ಇಂಥದ್ದೇ ಓದು ಓದಿ ಬಂದವರು.

ಆಪ್ಷನ್ ಎಂಟ್ರಿ ಮಾಡುವಾಗ ನಿನಗೆ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆ. ಕಂಪ್ಯೂಟರ್ ಸೈನ್ಸ್ ಮೇಲಿನ ಸಾಲಿನಲ್ಲಿದ್ದು ಸಿಕ್ಕಿಬಿಟ್ಟರೆ ಕೆಳಗಿನ ಆಸೆಗಳೆಲ್ಲ ತಾವಾಗಿ ರದ್ದಾಗುತ್ತವೆ. ಸೀಟು ಬಂದ ಮೇಲೆ ಚಾಯ್ಸ್ 2 ಅಂದರೆ ಅದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಚಾಯ್ಸ್ 3 ಅಂದರೆ ಬಿಟ್ಟು ಕಾಯುವುದು. ಗೆಳತಿ ಒತ್ತಿದಳೆಂದು ನೀನೂ 3 ಒತ್ತಬೇಡ. ಕೃಷಿಕರ ಕೋಟಾದ ಕಾಗದಕ್ಕೆ ತಹಶೀಲ್ದಾರ ಕಚೇರಿಗೆ ಹೋಗಬೇಕು, ಹೊಲದ ಉತಾರ ಈಗಲೇ ತೆಗೆಸಿಡಲು ಅಪ್ಪನಿಗೆ ಹೇಳು.

ಇಂತಿ,
ನಿಮ್ಮೂರ ಹಿರಿಯ