ಪುಸ್ತಕದ ಶ್ರುತಿ, ನನ್ನ ಶ್ರುತಿ: ವುಡಿ ಗಥ್ರಿ ಹಾಡುಗಳಿಂದ ಗಿಟಾರ್ ಕಲಿಕೆ

ಕಳೆದ ವರ್ಷ ನಮ್ಮ ಕಾಲೇಜಿನ ಪ್ರತಿಭಾ ದಿನದಂದು ಗಿಟಾರ್ ಹಿಡಿದು ವೇದಿಕೆ ಹತ್ತಿ, ಹಾಡು ಅರ್ಧವಾಗುವ ಮೊದಲೇ ಇಳಿದು ಬಂದ ಪ್ರಥಮ ಪಿಯುಸಿ ಹುಡುಗಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದು ನಾನೇ. ಅಂದು ನನ್ನ ಬೆರಳು ತಪ್ಪಲಿಲ್ಲ, ಪದಗಳೂ ಮರೆಯಲಿಲ್ಲ. ಆದರೆ ಎರಡನೆಯ ಸಾಲಿನ ಕೆಳಗಿನ ಸ್ವರಕ್ಕೆ ಹೋದಾಗ ದನಿಯೇ ಹೊರಡಲಿಲ್ಲ. ಮುಂದಿನ ಸಾಲಿನವರು ನಕ್ಕರು. ಗಿಟಾರನ್ನು ವಾಪಸ್ ಕೊಟ್ಟುಬಿಡೋಣ ಎಂದು ಆ ರಾತ್ರಿ ನಿರ್ಧರಿಸಿದ್ದೆ.

ತಪ್ಪು ಎಲ್ಲಿತ್ತು ಎಂಬುದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಹಾಡಿನ ಪುಸ್ತಕ ಇಟ್ಟುಕೊಂಡು ಒಬ್ಬರೇ ಗಿಟಾರ್ ಕಲಿಯುವವರು ನಮ್ಮಲ್ಲಿ ಹಲವರಿದ್ದೀರಿ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಎಂದು ಈ ಲೇಖನ ಬರೆಯುತ್ತಿದ್ದೇನೆ.

ಪುಸ್ತಕ ಯಾರದು?

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಮಾಮುವಿನ ಮಗ ದುಬೈಗೆ ಹೋಗುವಾಗ ತನ್ನ ಗಿಟಾರನ್ನೂ ಒಂದು ಹಾಡಿನ ಪುಸ್ತಕವನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಪುಸ್ತಕ ಅಮೆರಿಕದ ಜನಪದ ಗಾಯಕ ವುಡಿ ಗಥ್ರಿಯ ಹಾಡುಗಳದ್ದು.

ಗಥ್ರಿ ಹುಟ್ಟಿದ್ದು 1912ರ ಜುಲೈ 14ರಂದು, ಓಕ್ಲಹೋಮ ರಾಜ್ಯದ ಓಕೀಮಾ ಎಂಬ ಸಣ್ಣ ಊರಿನಲ್ಲಿ. ಮುಂದೆ ಟೆಕ್ಸಾಸಿನ ಪಾಂಪಾದಲ್ಲಿ ನೆಲೆಸಿದರು. 1930ರ ದಶಕದಲ್ಲಿ ಆ ಬಯಲು ಸೀಮೆಗೆ ಬರ ಬಂತು. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬೆಳೆಯುತ್ತಿದ್ದ ಹೊಲಗಳ ಮಣ್ಣು ಒಣಗಿ, ಗಾಳಿಗೆ ಎದ್ದು ಹೋಗತೊಡಗಿತು. 1935ರ ಏಪ್ರಿಲ್ 14ರಂದು ಬೀಸಿದ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲೆ ಮಾಡಿತ್ತು. ಆ ಭಾನುವಾರವನ್ನು ಅಲ್ಲಿಯವರು ಕಪ್ಪು ಭಾನುವಾರ ಎಂದೇ ಕರೆಯುತ್ತಾರೆ. ಲಕ್ಷಾಂತರ ಜನ ಮನೆಮಠ ಬಿಟ್ಟು ಕೂಲಿಗಾಗಿ ಕ್ಯಾಲಿಫೋರ್ನಿಯಾದ ಕಡೆಗೆ ಹೊರಟರು. ಗಥ್ರಿಯೂ ಹೊರಟರು.

1937ರಲ್ಲಿ ಲಾಸ್ ಏಂಜಲೀಸಿನ ಒಂದು ರೇಡಿಯೋ ಕೇಂದ್ರದಲ್ಲಿ ಮ್ಯಾಕ್ಸಿನ್ ಕ್ರಿಸ್‌ಮನ್ ಎಂಬ ಗಾಯಕಿಯ ಜೊತೆ ಅವರು ಹಾಡುತ್ತಿದ್ದರು. ಅದೇ ವರ್ಷ ಅವರಿಬ್ಬರ ಹಾಡಿನ ಪುಸ್ತಕವೂ ಬಂತು. ಅವರ ಅತ್ಯಂತ ಪ್ರಸಿದ್ಧ ಹಾಡು 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಬರೆದದ್ದು 1940ರ ಫೆಬ್ರವರಿಯಲ್ಲಿ. ಅದು ಮೊದಲು ಅಚ್ಚಾದದ್ದು 1945ರಲ್ಲಿ, 25 ಸೆಂಟ್ ಬೆಲೆಯ, ಹತ್ತು ಹಾಡುಗಳ ಒಂದು ಸಾದಾ ಕಿರುಪುಸ್ತಕದಲ್ಲಿ. ಅಂದರೆ ಹಾಡಿನ ಪುಸ್ತಕ ಎನ್ನುವುದು ಈ ಗಾಯಕರ ಮಟ್ಟಿಗೆ ಗಾಜಿನ ಕಪಾಟಿನಲ್ಲಿ ಇಡುವ ವಸ್ತುವಲ್ಲ. ಕೇಳಿದವರು ಮನೆಗೆ ಹೋಗಿ ತಾವೂ ಹಾಡಲಿ ಎಂದೇ ಮಾಡಿದ್ದು.

ನಮ್ಮ ವಾಣಿಜ್ಯ ವಿಭಾಗದವರಿಗೆ ಇನ್ನೊಂದು ಲೆಕ್ಕ. 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ ಇಲಾಖೆ ಅವರನ್ನು ಒಂದು ತಿಂಗಳ ಮಟ್ಟಿಗೆ ಕೆಲಸಕ್ಕೆ ಇಟ್ಟುಕೊಂಡಿತು. ಸಂಬಳ 266 ಡಾಲರ್ 66 ಸೆಂಟ್. ಆ ತಿಂಗಳಲ್ಲಿ ಅವರು ಬರೆದದ್ದು 26 ಹಾಡು. ಭಾಗಿಸಿ ನೋಡಿ, ಹಾಡೊಂದಕ್ಕೆ ಹತ್ತು ಡಾಲರ್ ಚಿಲ್ಲರೆ! ಮುಂದೆ ನರಗಳ ಕಾಯಿಲೆಯಿಂದ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು 1967ರಲ್ಲಿ ತೀರಿಕೊಂಡರು.

ಪುಟವನ್ನು ಓದುವುದು ಹೇಗೆ?

ಹಾಡಿನ ಪುಸ್ತಕದ ಒಂದು ಪುಟದಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ: ಹಾಡಿನ ಪದಗಳು, ಪದಗಳ ಮೇಲೆ ಕಾರ್ಡ್‌ಗಳ ಹೆಸರು, ಮತ್ತು ಕಾರ್ಡ್‌ಗಳ ಚಿತ್ರ. ಕಾರ್ಡ್ ಎಂದರೆ ಎಟಿಎಂ ಕಾರ್ಡ್ ಅಲ್ಲ. ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಆಗುವ ಸ್ವರಗುಚ್ಛ.

ಚಿತ್ರದಲ್ಲಿ ನಿಂತ ಆರು ಗೆರೆಗಳು ಗಿಟಾರಿನ ಆರು ತಂತಿಗಳು. ಎಡಗಡೆಯದು ಅತಿ ದಪ್ಪನೆಯ ಆರನೆಯ ತಂತಿ, ಬಲಗಡೆಯದು ಅತಿ ತೆಳ್ಳನೆಯ ಒಂದನೆಯ ತಂತಿ. ಅಡ್ಡ ಗೆರೆಗಳು ಫ್ರೆಟ್‌ಗಳು. ಚುಕ್ಕೆ ಇರುವಲ್ಲಿ ಬೆರಳು. ತಂತಿಯ ಮೇಲೆ ಸೊನ್ನೆ ಇದ್ದರೆ ಬೆರಳಿಡದೆ ನುಡಿಸಬೇಕು, ಗುಣಾಕಾರ ಚಿಹ್ನೆ ಇದ್ದರೆ ಆ ತಂತಿಯನ್ನು ಮುಟ್ಟಬಾರದು.

ಕಾರ್ಡಿನ ಹೆಸರು ಯಾವ ಅಕ್ಷರದ ಮೇಲಿದೆಯೋ ಆ ಅಕ್ಷರ ಹಾಡುವಾಗಲೇ ಕಾರ್ಡ್ ಬದಲಾಗಬೇಕು. ಅದಕ್ಕಿಂತ ಮೊದಲೂ ಅಲ್ಲ, ಆಮೇಲೂ ಅಲ್ಲ.

ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯೂ ಇದೆ. ನನ್ನ ಪುಸ್ತಕದಂತೆ ಪದ ಮತ್ತು ಕಾರ್ಡ್ ಮಾತ್ರ ಇದ್ದರೆ ರಾಗ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲು ಹಾಡನ್ನು ಹತ್ತು ಸಲವಾದರೂ ಕೇಳಿ, ಗಿಟಾರ್ ಇಲ್ಲದೆ ಗುನುಗಲು ಬಂದ ಮೇಲೆ ಪುಸ್ತಕ ತೆರೆಯಿರಿ.

ಮೂರೇ ಕಾರ್ಡ್

ಗಥ್ರಿಯ ಎಷ್ಟೋ ಹಾಡುಗಳು ಮೂರೇ ಕಾರ್ಡ್‌ಗಳಲ್ಲಿ ಮುಗಿಯುತ್ತವೆ. ನನ್ನ ಪುಸ್ತಕದಲ್ಲಿ 'ದಿಸ್ ಲ್ಯಾಂಡ್' ಇರುವುದು ಜಿ, ಸಿ, ಡಿ ಕಾರ್ಡ್‌ಗಳಲ್ಲಿ.

ಜಿ: ಆರನೆಯ ತಂತಿ ಮೂರನೆಯ ಫ್ರೆಟ್, ಐದನೆಯ ತಂತಿ ಎರಡನೆಯ ಫ್ರೆಟ್, ಒಂದನೆಯ ತಂತಿ ಮೂರನೆಯ ಫ್ರೆಟ್. ಆರೂ ತಂತಿ ನುಡಿಸಬೇಕು.

ಸಿ: ಐದನೆಯ ತಂತಿ ಮೂರನೆಯ ಫ್ರೆಟ್, ನಾಲ್ಕನೆಯ ತಂತಿ ಎರಡನೆಯ ಫ್ರೆಟ್, ಎರಡನೆಯ ತಂತಿ ಒಂದನೆಯ ಫ್ರೆಟ್. ಆರನೆಯ ತಂತಿ ಬೇಡ.

ಡಿ: ಮೂರನೆಯ ತಂತಿ ಎರಡನೆಯ ಫ್ರೆಟ್, ಎರಡನೆಯ ತಂತಿ ಮೂರನೆಯ ಫ್ರೆಟ್, ಒಂದನೆಯ ತಂತಿ ಎರಡನೆಯ ಫ್ರೆಟ್. ನಾಲ್ಕನೆಯ ತಂತಿಯಿಂದ ಕೆಳಕ್ಕೆ ನುಡಿಸಬೇಕು.

ಈ ಹಾಡಿನ ಕಾರ್ಡ್‌ಗಳ ಸರಣಿ ಸಿ, ಜಿ, ಡಿ, ಜಿ. ಒಂದೊಂದಕ್ಕೂ ಎಂಟು ತಾಳ. ಸರಣಿ ಎರಡು ಸಲ ಬಂದರೆ ಪಲ್ಲವಿ ಮುಗಿಯಿತು, ಒಟ್ಟು 64 ತಾಳ. ಚರಣಕ್ಕೂ ಇದೇ ಸರಣಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಡು ಶುರುವಾಗುವುದು ಸಿ ಕಾರ್ಡಿನಿಂದ, ಆದರೆ ಅದರ ಮನೆ ಜಿ. ಮೊದಲ ಕಾರ್ಡ್ ನೋಡಿ ಹಾಡಿನ ಶ್ರುತಿ ಯಾವುದೆಂದು ತೀರ್ಮಾನಿಸಬೇಡಿ. ಕೊನೆಯ ಕಾರ್ಡ್ ನೋಡಿ. ಹಾಡು ಎಲ್ಲಿಗೆ ಬಂದು ಕೂರುತ್ತದೋ ಸಾಮಾನ್ಯವಾಗಿ ಅದೇ ಅದರ ಮನೆ.

ಬಲಗೈ

ಎಲ್ಲ ತಂತಿಗಳನ್ನೂ ಒಂದೇ ಸಮನೆ ಬಾರಿಸಿದರೆ ಹಾಡು ಸಪ್ಪೆಯಾಗುತ್ತದೆ. ಹೆಬ್ಬೆರಳಿನಿಂದ ಒಂದು ದಪ್ಪ ತಂತಿ, ಆಮೇಲೆ ಉಳಿದ ತಂತಿಗಳ ಮೇಲೆ ಒಮ್ಮೆ ಸವರುವುದು. ಇದು ಹಳೆಯ ಜನಪದ ಗಾಯಕರ ಕ್ರಮ. ಜಿ ಕಾರ್ಡಿಗೆ ದಪ್ಪ ತಂತಿ ಆರು, ಆಮೇಲೆ ನಾಲ್ಕು. ಸಿ ಕಾರ್ಡಿಗೆ ಐದು, ಆಮೇಲೆ ನಾಲ್ಕು. ಡಿ ಕಾರ್ಡಿಗೆ ನಾಲ್ಕು, ಆಮೇಲೆ ಐದು.

ನಾಲ್ಕು ತಾಳದ ಹಾಡಿಗೆ: ದಪ್ಪ, ಸವರು, ದಪ್ಪ, ಸವರು. ಧೂಳಿನ ಬಿರುಗಾಳಿಯ ಬಗ್ಗೆ ಗಥ್ರಿ ಬರೆದ 'ಸೋ ಲಾಂಗ್' ಎಂಬ ವಿದಾಯದ ಹಾಡು ಮೂರು ತಾಳದ್ದು. ಅದಕ್ಕೆ: ದಪ್ಪ, ಸವರು, ಸವರು. ಕಾರ್ಡ್‌ಗಳು ಅವೇ ಮೂರು. ಬಲಗೈ ಬದಲಾದರೆ ಹಾಡಿನ ನಡಿಗೆಯೇ ಬದಲಾಗುತ್ತದೆ.

ಶ್ರುತಿ ಬದಲಿಸುವುದು

ಈಗ ನನ್ನ ತಪ್ಪಿಗೆ ಬರುತ್ತೇನೆ. ಪುಸ್ತಕದಲ್ಲಿ ಜಿ ಎಂದು ಅಚ್ಚಾಗಿತ್ತು, ನಾನು ಜಿ ಶ್ರುತಿಯಲ್ಲೇ ಹಾಡಿದೆ. ಅದು ಗಂಡು ದನಿಗೆ ಹಿತವಾದ ಎತ್ತರ. ಕೆಳಗಿನ ಸ್ಥಾಯಿಯಲ್ಲಿ ಹಾಡಿದರೆ ನನಗೆ ದನಿ ಹೊರಡದು, ಮೇಲಿನ ಸ್ಥಾಯಿಯಲ್ಲಿ ಹಾಡಿದರೆ ಕೂಗಿದ ಹಾಗೆ. ನನ್ನ ದನಿಯೇ ಕೆಟ್ಟದ್ದು ಎಂದುಕೊಂಡೆ.

ನಮ್ಮ ಕನ್ನಡ ಉಪನ್ಯಾಸಕಿ ಭಾವಗೀತೆ ಹಾಡುತ್ತಾರೆ. ಒಂದು ದಿನ ಸ್ಟಾಫ್ ರೂಮಿನ ಹೊರಗೆ ಕರೆದು ಕೇಳಿದರು: "ಅಲ್ಲಮ್ಮ, ಹಾರ್ಮೋನಿಯಂನವರು ಹಾಡುವವರನ್ನು ಮೊದಲು ಏನು ಕೇಳ್ತಾರೆ ಹೇಳು?" ನನಗೆ ಗೊತ್ತಿರಲಿಲ್ಲ. "ನಿಮ್ಮ ಶ್ರುತಿ ಯಾವುದು ಅಂತ ಕೇಳ್ತಾರೆ. ನೀನು ನಿನ್ನ ಶ್ರುತಿ ಬಿಟ್ಟು ಪುಸ್ತಕದ ಶ್ರುತಿಯಲ್ಲಿ ಹಾಡಿದೆ" ಎಂದರು.

ಅಂದು ಸಂಜೆ ಕೂತು ಲೆಕ್ಕ ಹಾಕಿದೆ. ಕಾರ್ಡ್‌ಗಳ ಹೆಸರು ಮರೆತು ಸಂಖ್ಯೆ ಕೊಟ್ಟರೆ ಎಲ್ಲ ಸುಲಭ. ಮನೆ ಕಾರ್ಡ್ 1. ಅಲ್ಲಿಂದ ಸ್ವರಗಳನ್ನು ಎಣಿಸಿದರೆ ಇನ್ನೆರಡು ಕಾರ್ಡ್‌ಗಳು 4 ಮತ್ತು 5. 'ದಿಸ್ ಲ್ಯಾಂಡ್' ಸರಣಿ ಹಾಗಾದರೆ 4, 1, 5, 1. ಇದನ್ನು ಯಾವ ಶ್ರುತಿಗಾದರೂ ಒಯ್ಯಬಹುದು:

ಜಿ ಶ್ರುತಿಯಲ್ಲಿ 1, 4, 5 ಎಂದರೆ ಜಿ, ಸಿ, ಡಿ.
ಎ ಶ್ರುತಿಯಲ್ಲಿ ಎ, ಡಿ, ಇ.
ಸಿ ಶ್ರುತಿಯಲ್ಲಿ ಸಿ, ಎಫ್, ಜಿ.
ಡಿ ಶ್ರುತಿಯಲ್ಲಿ ಡಿ, ಜಿ, ಎ.

ನಾವು ತರಗತಿಯಲ್ಲಿ ಕಲಿತ ಅನುಪಾತದ ಹಾಗೆಯೇ ಇದು. ಪಾಲುದಾರರ ಬಂಡವಾಳ ಎರಡು ಸಾವಿರವಿರಲಿ, ಎರಡು ಲಕ್ಷವಿರಲಿ, ಲಾಭ ಹಂಚುವ ಅನುಪಾತ ಒಂದೇ ಇದ್ದರೆ ಅವರವರ ಪಾಲಿನ ಸಂಬಂಧ ಬದಲಾಗುವುದಿಲ್ಲ. ಹಾಡೂ ಹಾಗೆಯೇ. ಎತ್ತರ ಬದಲಾಯಿತು, ಸಂಬಂಧ ಬದಲಾಗಲಿಲ್ಲ, ಆದ್ದರಿಂದ ಹಾಡು ಅದೇ ಹಾಡು.

ನನ್ನ ದನಿಗೆ ಸರಿಹೋದದ್ದು ಸಿ ಶ್ರುತಿ. ಆದರೆ ಎಫ್ ಕಾರ್ಡ್ ಹಿಡಿಯುವುದು ಹೊಸಬರಿಗೆ ಕಷ್ಟ, ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯಬೇಕು. ಇದಕ್ಕೆ ಉಪಾಯ ಕೇಪೋ ಎಂಬ ಕ್ಲಿಪ್ಪು. ಒಂದೊಂದು ಫ್ರೆಟ್ ಎಂದರೆ ಅರ್ಧ ಸ್ವರ. ಐದನೆಯ ಫ್ರೆಟ್‌ಗೆ ಕೇಪೋ ಹಾಕಿ ಜಿ ಹಿಡಿದರೆ ಕೇಳುವುದು ಸಿ, ಸಿ ಹಿಡಿದರೆ ಕೇಳುವುದು ಎಫ್, ಡಿ ಹಿಡಿದರೆ ಕೇಳುವುದು ಜಿ. ಬೆರಳಿಗೆ ಹಳೆಯ ಮೂರು ಕಾರ್ಡ್, ದನಿಗೆ ಹೊಸ ಶ್ರುತಿ.

ನಿಮ್ಮ ಶ್ರುತಿ ಕಂಡುಹಿಡಿಯುವುದು ಸುಲಭ. ಹಾಡಿನ ಅತಿ ಕೆಳಗಿನ ಸ್ವರವನ್ನು ಮೊದಲು ಹಾಡಿ ನೋಡಿ. ದನಿ ಸ್ಪಷ್ಟವಾಗಿ ಬರದಿದ್ದರೆ ಕೇಪೋವನ್ನು ಒಂದು ಫ್ರೆಟ್ ಮುಂದೆ ಸರಿಸಿ ಮತ್ತೆ ಹಾಡಿ. ಬಂದ ಮೇಲೆ ಅತಿ ಮೇಲಿನ ಸ್ವರವನ್ನೂ ಪರೀಕ್ಷಿಸಿ. ಎರಡೂ ಆರಾಮಾಗಿ ಬಂದ ಫ್ರೆಟ್ ಸಂಖ್ಯೆಯನ್ನು ಪುಸ್ತಕದ ಆ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಡಿ. ನನ್ನ ಪುಸ್ತಕದ ತುಂಬ ಈಗ ಇಂಥ ಸಂಖ್ಯೆಗಳಿವೆ.

ದಾದಿಮಾ ಹೇಳಿದ ತರ್ಜ್

ನಮ್ಮ ಮನೆಯಲ್ಲಿ ವಾದ್ಯ ನುಡಿಸುವ ಬಗ್ಗೆ ಎಲ್ಲರ ಅಭಿಪ್ರಾಯವೂ ಒಂದೇ ಅಲ್ಲ. ಓದು ಹಾಳಾಗಬಾರದು, ನಮಾಜಿನ ಹೊತ್ತಿಗೆ ಗಿಟಾರ್ ಕೆಳಗಿರಬೇಕು, ಇವೆರಡು ಅಬ್ಬಾ ಹಾಕಿದ ಷರತ್ತು. ದಾದಿಮಾ (ಅಪ್ಪನ ಅಮ್ಮ) ಏನೂ ಹೇಳುತ್ತಿರಲಿಲ್ಲ, ಗಿಟಾರ್ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದರು.

ಒಂದು ರಾತ್ರಿ ನಾನು 'ಸೋ ಲಾಂಗ್' ಅಭ್ಯಾಸ ಮಾಡುತ್ತಿದ್ದಾಗ ಒಳಗಿನಿಂದಲೇ ಕೇಳಿದರು, ಅದರ ಅರ್ಥವೇನು ಎಂದು. ಮಳೆಯಿಲ್ಲದೆ ಹೊಲ ಧೂಳಾಗಿ, ಜನ ಅಕ್ಕಪಕ್ಕದವರಿಗೆ ವಿದಾಯ ಹೇಳಿ ಊರು ಬಿಟ್ಟ ಹಾಡು ಎಂದೆ. ಅವರು ಹೊರಗೆ ಬಂದು ಕೂತರು. 1972ರ ಬರದಲ್ಲಿ ವಿಜಾಪುರ ಜಿಲ್ಲೆಯ ತಮ್ಮ ಊರನ್ನು ಬಿಟ್ಟು ಬಂದದ್ದನ್ನು ಆ ರಾತ್ರಿ ನನಗೆ ಮೊದಲ ಸಲ ಹೇಳಿದರು. ಎತ್ತುಗಳನ್ನು ಮಾರಿದ್ದು, ಬೀಗ ಹಾಕಲು ಬಾಗಿಲಿಗೆ ಕೊಂಡಿಯೇ ಇಲ್ಲದ್ದು, ಪಕ್ಕದ ಮನೆಯ ಶಾಂತವ್ವ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟದ್ದು. ನಾನು ಅದುವರೆಗೆ ಆ ಹಾಡಿನ ಕಾರ್ಡ್ ಮಾತ್ರ ನೋಡಿದ್ದೆ.

ಗಥ್ರಿ ಹಳೆಯ ರಾಗಗಳಿಗೆ ಹೊಸ ಪದ ಕೂರಿಸುತ್ತಿದ್ದರು. 'ದಿಸ್ ಲ್ಯಾಂಡ್' ರಾಗ ಕಾರ್ಟರ್ ಕುಟುಂಬದವರು ಹಾಡುತ್ತಿದ್ದ ಒಂದು ಭಕ್ತಿಗೀತೆಯನ್ನು ಹೋಲುತ್ತದೆ. ಇದನ್ನು ಹೇಳಿದಾಗ ದಾದಿಮಾಗೆ ಆಶ್ಚರ್ಯವೇ ಆಗಲಿಲ್ಲ. "ತರ್ಜ್ ಅಂದರೆ ಅದೇ ಅಲ್ಲವಾ ಬೇಟಾ" ಎಂದರು. ನಾತ್ ಬರೆಯುವವರೂ ಜನರಿಗೆ ಗೊತ್ತಿರುವ ಒಂದು ತರ್ಜ್‌ನಲ್ಲಿ ಹೊಸ ಪದ ಕಟ್ಟುತ್ತಾರೆ. ಕೇಳಿದವರು ಕೂಡಲೇ ಜೊತೆಗೂಡಿ ಹಾಡುತ್ತಾರೆ. ಶಿಶುನಾಳ ಷರೀಫರ ಪದಗಳನ್ನೂ ಒಬ್ಬೊಬ್ಬರು ತಮ್ಮ ತಮ್ಮ ಶ್ರುತಿಯಲ್ಲಿ ಹಾಡುತ್ತ ಬಂದಿದ್ದಾರೆ. ಪುಸ್ತಕದಲ್ಲಿ ಅಚ್ಚಾದದ್ದು ಹಾಡಿನ ಒಂದು ರೂಪ ಮಾತ್ರ, ಉಳಿದದ್ದನ್ನು ಹಾಡುವವರೇ ತುಂಬಬೇಕು.

ಶುರು ಮಾಡುವವರಿಗೆ

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲು ಗಿಟಾರ್ ಶ್ರುತಿ ಮಾಡಿ. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಫೋನಿನಲ್ಲಿ ಉಚಿತ ಟ್ಯೂನರ್ ಸಿಗುತ್ತದೆ. ಐದು ನಿಮಿಷ ಜಿ ಮತ್ತು ಸಿ ನಡುವೆ ಮಾತ್ರ ಬೆರಳು ಬದಲಿಸಿ, ನಿಮಿಷಕ್ಕೆ ಎಷ್ಟು ಸಲ ಆಯಿತೆಂದು ಎಣಿಸಿ. ನನಗೆ ಮೊದಲ ವಾರ ಹನ್ನೊಂದು, ಎರಡನೆಯ ತಿಂಗಳಿಗೆ ಮೂವತ್ತು. ಐದು ನಿಮಿಷ ಬಲಗೈ ಮಾತ್ರ. ಉಳಿದ ಹತ್ತು ನಿಮಿಷ ಒಂದೇ ಹಾಡು, ನಿಧಾನವಾಗಿ, ನಿಲ್ಲಿಸದೆ. ಬೆರಳ ತುದಿ ಮೊದಲ ಕೆಲವು ವಾರ ನೋಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಗಿಟಾರ್ ಚೀಲದಲ್ಲೇ ಇರಲಿ, ಅದೇನೂ ಓಡಿಹೋಗುವುದಿಲ್ಲ.

ಈ ಸಲದ ಪ್ರತಿಭಾ ದಿನಕ್ಕೆ ನಾನು ಮತ್ತೆ ಹೆಸರು ಕೊಟ್ಟಿದ್ದೇನೆ. ಕೇಪೋ ಐದನೆಯ ಫ್ರೆಟ್‌ನಲ್ಲಿರುತ್ತದೆ. ಕಳೆದ ವರ್ಷ ನಕ್ಕವರು ದಯವಿಟ್ಟು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ, ಪಲ್ಲವಿ ಸುಲಭವಾಗಿದೆ, ನೀವೂ ಜೊತೆಗೆ ಹಾಡಬಹುದು.